ಶಾಲೆಗೆ ಕೊಟ್ಟ ಮಗುವಿನ ಮಾಹಿತಿ ಎಲ್ಲಿಗೆ ಹೋಗುತ್ತೆ? ಸಹಿ ಹಾಕೋ ಮುನ್ನ ಪೋಷಕರು ತಿಳಿಯಬೇಕಾದ್ದೇನು?

ಶಿವಮೊಗ್ಗ / ಭದ್ರಾವತಿ: ಜೂನ್ ಬಂತೆಂದರೆ ಸ್ಕೂಲ್ ಬ್ಯಾಗಿನಲ್ಲಿ ಮನೆಗೆ ಕಾಗದಗಳು ಬರೋಕೆ ಶುರು. ಅದರಲ್ಲಿ ಒಂದು ‘ಅಪಾರ್’ ಒಪ್ಪಿಗೆ ಪತ್ರ. ಪೋಷಕರ ಹೆಸರು, ಮಗುವಿನ ಹೆಸರು, ಆಧಾರ್ ವಿವರ, ಕೆಳಗೊಂದು ಸಹಿ. ‘ನಾಳೆನೇ ತರಬೇಕಂತೆ’ ಅಂತ ಮಗು ಹೇಳುತ್ತೆ. ಬೆಳಗ್ಗೆ ಡಬ್ಬಿ ಕಟ್ಟೋ ಗಡಿಬಿಡಿಯಲ್ಲಿ ಅಡುಗೆಮನೆ ಕಟ್ಟೆ ಮೇಲೇ ಸಹಿ ಬೀಳುತ್ತೆ. ಏನು ಬರೆದಿದೆ ಅಂತ ಓದೋರು ಕಡಿಮೆ.

ಸಹಿ ಹಾಕದೇ ಇರಬಹುದಾ? ಇರಬಹುದು. ಅಪಾರ್ ಕಡ್ಡಾಯ ಅಲ್ಲ, ಐಚ್ಛಿಕ ಅಂತ ಕೇಂದ್ರ ಶಿಕ್ಷಣ ಸಚಿವಾಲಯವೇ ಹೇಳಿದೆ. ಅದಕ್ಕೇ ಒಪ್ಪಿಗೆ ಪತ್ರ ಕೇಳೋದು. ಕಡ್ಡಾಯ ಆಗಿದ್ದರೆ ಸಹಿ ಯಾಕೆ ಬೇಕಿತ್ತು? ಆದರೆ ‘ನೂರಕ್ಕೆ ನೂರು ಆಗಬೇಕು’ ಅನ್ನೋ ಗುರಿ ಮೇಲಿನಿಂದ ಬಂದಾಗ ಮುಖ್ಯ ಶಿಕ್ಷಕರ ಕೈಯಲ್ಲಿ ಐಚ್ಛಿಕ ಅನ್ನೋ ಪದ ಮಾಯವಾಗುತ್ತೆ. ಮಗು ಅದೇ ಶಾಲೆಯಲ್ಲಿ ಇನ್ನೂ ಐದಾರು ವರ್ಷ ಓದಬೇಕು. ‘ಕೊಡಲ್ಲ’ ಅನ್ನೋ ಧೈರ್ಯ ಯಾರಿಗಿದೆ?

ಶಾಲೆಗಳಲ್ಲಿ ಮಕ್ಕಳ ಮಾಹಿತಿ ಸಂಗ್ರಹ, ಕ್ಯಾಮೆರಾ, ಆ್ಯಪ್, ಮುಖ ನೋಡಿ ಹಾಜರಿ, ಇವೆಲ್ಲದರ ಒಳಗೆ ಇರೋದು ಇದೇ ಒಂದು ತೊಡಕು. ಕೇಳೋರ ಕೈಯಲ್ಲಿ ಮಗು ಇದೆ. ಕೊಡೋರಿಗೆ ಬೇಡ ಅನ್ನೋ ದಾರಿ ಇಲ್ಲ.

ಒಂದು ಮಗು, ನಾಲ್ಕು ನಂಬರ್

ಕರ್ನಾಟಕದಲ್ಲಿ ಶಾಲೆಗೆ ಸೇರಿದ ಮಗುವಿಗೆ ಮೊದಲು ಸಿಗೋದು ಸ್ಯಾಟ್ಸ್ ನಂಬರ್. ಇದು ರಾಜ್ಯ ಶಿಕ್ಷಣ ಇಲಾಖೆಯದ್ದು. ಕೇಂದ್ರದ ಯು-ಡೈಸ್ ಪ್ಲಸ್ ಪೋರ್ಟಲ್‌ನಲ್ಲಿ ‘ಪೆನ್’ ಅನ್ನೋ ಇನ್ನೊಂದು ನಂಬರ್. ಅದರ ಮೇಲೆ ‘ಒಂದು ದೇಶ, ಒಬ್ಬ ವಿದ್ಯಾರ್ಥಿ, ಒಂದು ಐಡಿ’ ಅಂತ ಬಂದಿರೋ 12 ಅಂಕಿಯ ಅಪಾರ್. ಇದು ಡಿಜಿಲಾಕರ್‌ಗೆ ಕೂಡುತ್ತೆ. ಇವೆಲ್ಲಕ್ಕೂ ತಳಪಾಯ ಆಧಾರ್.

ಸ್ಯಾಟ್ಸ್‌ನಲ್ಲಿ ಏನೇನು ಇರುತ್ತೆ ಅನ್ನೋದು ಅಡ್ಮಿಷನ್ ಫಾರಂ ತುಂಬಿದವರಿಗೆ ಗೊತ್ತು. ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ಜಾತಿ, ಧರ್ಮ, ಮಾತೃಭಾಷೆ, ವಿಳಾಸ, ಮೊಬೈಲ್ ನಂಬರ್. ಆಮೇಲೆ ವರ್ಷ ವರ್ಷ ಅಂಕ, ಹಾಜರಿ ಸೇರ್ತಾ ಹೋಗುತ್ತೆ.

ಇದರಿಂದ ಉಪಯೋಗ ಇಲ್ಲ ಅಂತಲ್ಲ. ಒಂದು ಮಗುವಿನ ಹೆಸರು ಎರಡು ಶಾಲೆಯಲ್ಲಿ ಇರೋದು ತಪ್ಪಿದೆ. ಟಿಸಿಗೆ ಅಲೆಯೋದು ಕಡಿಮೆಯಾಗಿದೆ. ಗುಳೆ ಹೋದ ಕುಟುಂಬದ ಮಗು ಮತ್ತೆ ಶಾಲೆಗೆ ಬಂತಾ ಇಲ್ವಾ ಅಂತ ನೋಡೋಕಾಗುತ್ತೆ. ವಿದ್ಯಾರ್ಥಿವೇತನದ ಅರ್ಜಿಗೂ ಸ್ಯಾಟ್ಸ್ ನಂಬರ್ ಬೇಕು. ಪ್ರಶ್ನೆ ಇರೋದು ಮಾಹಿತಿ ಇಟ್ಟುಕೊಂಡಿದ್ದರ ಬಗ್ಗೆ ಅಲ್ಲ. ಯಾರು ನೋಡ್ತಾರೆ, ಎಷ್ಟು ದಿನ ಇಡ್ತಾರೆ, ಬೇರೆ ಯಾವುದಕ್ಕೆ ಬಳಸ್ತಾರೆ ಅನ್ನೋದರ ಬಗ್ಗೆ.

ಅಂದ ಹಾಗೆ, ಆಧಾರ್ ಇಲ್ಲ ಅಂತ ಮಗುವಿಗೆ ಶಾಲೆ ಸೀಟು ನಿರಾಕರಿಸುವಂತಿಲ್ಲ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು, ಅದು ಸರ್ಕಾರ ಕೊಡೋ ಸಬ್ಸಿಡಿ ಅಲ್ಲ ಅನ್ನೋದು ಕೋರ್ಟ್ ಕೊಟ್ಟ ಕಾರಣ. ಅದಕ್ಕೂ ಒಂದು ವರ್ಷ ಮೊದಲು, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದರು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬಿಸಿಯೂಟದ ಲೆಕ್ಕಕ್ಕೆ ಮಗುವಿನ ಮುಖ ಬೇಕಾ?

2025ರಲ್ಲಿ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಮೊಬೈಲ್ ಕ್ಯಾಮೆರಾದಿಂದ ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕೋ ಯೋಜನೆ ಸುದ್ದಿಯಾಯಿತು. 2023ರಲ್ಲಿ ಶಾಲಾ ಶಿಕ್ಷಣ ಇಲಾಖೆ ವಹಿಸಿಕೊಂಡ ಮಧು ಬಂಗಾರಪ್ಪ ಇದೇ ಜಿಲ್ಲೆಯ ಸೊರಬದ ಶಾಸಕರು, ಹಾಗಾಗಿ ಇಲ್ಲಿ ಇದರ ಚರ್ಚೆ ಸ್ವಲ್ಪ ಹೆಚ್ಚೇ ಆಗಬೇಕಿತ್ತು. ಆಗಲಿಲ್ಲ. ಬೆಂಗಳೂರಿನಲ್ಲಿ ಶಿಕ್ಷಣ ತಜ್ಞರು, ಮಕ್ಕಳ ಹಕ್ಕುಗಳ ಪರ ಇರೋರು ವಿರೋಧಿಸಿದರು.

ಕಾರಣ ಏನು ಕೊಟ್ಟರು? ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕದಲ್ಲಿ ಸುಳ್ಳು ಹಾಜರಿ ತಡೆಯೋದು. ಶಾಲೆಗೆ ಬಾರದ ಮಕ್ಕಳ ಹೆಸರಲ್ಲಿ ಅಕ್ಕಿ ಬೇಳೆ ಹೋಗುತ್ತೆ ಅನ್ನೋ ದೂರು ಹೊಸದಲ್ಲ. ಆದರೆ ಸುಳ್ಳು ಲೆಕ್ಕ ಬರೆಯೋರು ದೊಡ್ಡವರು. ಅದನ್ನು ಹಿಡಿಯೋಕೆ ಒಂದನೇ ಕ್ಲಾಸಿನ ಮಗು ದಿನಾ ಕ್ಯಾಮೆರಾ ಮುಂದೆ ಮುಖ ತೋರಿಸಬೇಕು. ಕಳ್ಳನನ್ನು ಹುಡುಕೋಕೆ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿದ ಹಾಗೆ.

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ ಅಂದರೆ, ಮೊದಲು ಮಗುವಿನ ಫೋಟೊ ತೆಗೆದು, ಕಣ್ಣು, ಮೂಗು, ದವಡೆಯ ಆಕಾರವನ್ನೆಲ್ಲ ಅಂಕಿಗಳಾಗಿ ಬದಲಿಸಿ ಇಟ್ಟುಕೊಳ್ಳುತ್ತೆ. ಆಮೇಲೆ ದಿನಾ ತೆಗೆಯೋ ಫೋಟೊವನ್ನು ಆ ಅಂಕಿಗಳ ಜೊತೆ ಹೋಲಿಸುತ್ತೆ. ತೊಂದರೆ ಏನೆಂದರೆ ಮಕ್ಕಳ ಮುಖ ಬದಲಾಗ್ತಾ ಇರುತ್ತೆ. ಮುಂದಿನ ಹಲ್ಲು ಬಿದ್ದು, ಕೂದಲು ತೆಗೆಸಿ, ಒಂದು ಬೇಸಿಗೆ ರಜೆ ಮುಗಿಸಿ ಬಂದ ಮಗು ಬೇರೆ ಥರಾನೇ ಕಾಣುತ್ತೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2019ರಲ್ಲಿ ಈ ತಂತ್ರಜ್ಞಾನವನ್ನು ಪರೀಕ್ಷೆ ಮಾಡಿದಾಗ ಮಕ್ಕಳು ಮತ್ತು ವಯಸ್ಸಾದವರ ವಿಷಯದಲ್ಲಿ ಒಬ್ಬರನ್ನು ಇನ್ನೊಬ್ಬರೆಂದು ತಪ್ಪಾಗಿ ಗುರುತಿಸೋದು ಹೆಚ್ಚು ಅಂತ ಕಂಡುಬಂದಿತ್ತು. ಇನ್ನು ಜುಲೈ ಮಳೆಯಲ್ಲಿ ಕರೆಂಟ್ ಹೋದ ಕ್ಲಾಸ್ ರೂಮಿನ ಕತ್ತಲೆ, ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳ ನೆಟ್‌ವರ್ಕ್ ಪಾಡು ಹೇಳೋದೇ ಬೇಡ. ಮುಖ ಹೊಂದಲಿಲ್ಲ ಅಂದರೆ ಆ ಮಗುವಿಗೆ ಗೈರುಹಾಜರಿ. ಊಟ ಹಾಕೋ ಅಕ್ಕ ಏನು ಮಾಡಬೇಕು?

ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಮುಖ ಬದಲಿಸೋಕಾಗಲ್ಲ. ಆರು ವರ್ಷಕ್ಕೆ ಕೊಟ್ಟ ಮುಖದ ಅಂಕಿ ಅರವತ್ತು ವರ್ಷದವರೆಗೂ ಎಲ್ಲೋ ಒಂದು ಕಡೆ ಉಳಿಯಬಹುದು.

ಬೇರೆ ದೇಶಗಳಲ್ಲಿ ಇದು ಆಗಲೇ ಆಗಿ ಹೋಗಿದೆ. ಸ್ವೀಡನ್‌ನ ಸ್ಕೆಲೆಫ್ಟಿಯೋ ಅನ್ನೋ ಊರಿನ ಒಂದು ಹೈಸ್ಕೂಲಿನಲ್ಲಿ 22 ವಿದ್ಯಾರ್ಥಿಗಳ ಮೇಲೆ ಮುಖದ ಹಾಜರಿ ಪ್ರಯೋಗ ಮಾಡಿದರು. ಪೋಷಕರ ಒಪ್ಪಿಗೆಯನ್ನೂ ಪಡೆದಿದ್ದರು. ಆದರೂ 2019ರ ಆಗಸ್ಟ್‌ನಲ್ಲಿ ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರ 2 ಲಕ್ಷ ಕ್ರೋನಾ ದಂಡ ಹಾಕಿತು. ಶಾಲೆ ಕೇಳಿದಾಗ ಪೋಷಕರು, ಮಕ್ಕಳು ಇಲ್ಲ ಅನ್ನೋ ಸ್ಥಿತಿಯಲ್ಲೇ ಇರಲ್ಲ, ಹಾಗಾಗಿ ಅದು ಮನಸಾರೆ ಕೊಟ್ಟ ಒಪ್ಪಿಗೆ ಅಲ್ಲ ಅನ್ನೋದು ಅದರ ವಾದ. ಬರೀ ಹಾಜರಿಗೆ ಇಷ್ಟೆಲ್ಲ ಬೇಕಾಗಿರಲಿಲ್ಲ ಅಂತಲೂ ಹೇಳಿತು.

ಊಟದ ವಿಷಯಕ್ಕೂ ಒಂದು ಉದಾಹರಣೆ ಇದೆ. ಸ್ಕಾಟ್ಲೆಂಡಿನ ನಾರ್ತ್ ಏರ್‌ಶೈರ್‌ನಲ್ಲಿ 2021ರ ಅಕ್ಟೋಬರ್‌ನಲ್ಲಿ ಒಂಬತ್ತು ಶಾಲೆಗಳ ಕ್ಯಾಂಟೀನಿನಲ್ಲಿ ಮುಖ ತೋರಿಸಿ ಊಟ ತಗೊಳ್ಳೋ ವ್ಯವಸ್ಥೆ ಶುರುವಾಯಿತು. ಸಾಲು ಬೇಗ ಕರಗುತ್ತೆ ಅನ್ನೋದು ಕಾರಣ. ಗದ್ದಲ ಎದ್ದು ಕೆಲವೇ ದಿನಗಳಲ್ಲಿ ನಿಲ್ಲಿಸಿದರು.

ಉಡುಪಿಯಲ್ಲಿ ಆಗಿದ್ದು

‘ನಮ್ಮ ಮಗುವಿನ ವಿವರ ತಗೊಂಡು ಯಾರೇನು ಮಾಡ್ತಾರೆ?’ ಅನ್ನೋದು ಸಾಮಾನ್ಯವಾಗಿ ಬರೋ ಮಾತು. ಇದಕ್ಕೆ ಉತ್ತರ ಹುಡುಕೋಕೆ ಆಗುಂಬೆ ಘಾಟಿ ಇಳಿದರೆ ಸಾಕು.

2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ಕಾವೇರಿದ್ದಾಗ, ಉಡುಪಿಯ ಆರು ವಿದ್ಯಾರ್ಥಿನಿಯರ ಮೊಬೈಲ್ ನಂಬರ್ ಸೇರಿದಂತೆ ವೈಯಕ್ತಿಕ ವಿವರಗಳು ಸೋಶಿಯಲ್ ಮೀಡಿಯಾದಲ್ಲಿ ಹರಿದಾಡಿದವು. ಹೆಣ್ಣುಮಕ್ಕಳಿಗೆ ಇದರಿಂದ ಬೆದರಿಕೆ ಬರಬಹುದು ಅಂತ ಪೋಷಕರು ಎಸ್‌ಪಿಗೆ ದೂರು ಕೊಟ್ಟರು. ವಿವಾದದಲ್ಲಿ ನೀವು ಯಾವ ಕಡೆ ಇದ್ದೀರಿ ಅನ್ನೋದು ಇಲ್ಲಿ ಬೇರೆ ಮಾತು. ಓದೋ ಹುಡುಗಿಯ ಫೋನ್ ನಂಬರ್ ಕಂಡಕಂಡವರ ಮೊಬೈಲಿಗೆ ಹೋಗೋದು ಯಾವ ಕಡೆಯವರಿಗೂ ಬೇಕಿರೋ ವಿಷಯ ಅಲ್ಲ.

ಅದೇ ವಾರ ಶಿವಮೊಗ್ಗದಲ್ಲೂ ಕಾಲೇಜುಗಳ ಮುಂದೆ ಕಲ್ಲು ತೂರಾಟ ಆಗಿ ನಿಷೇಧಾಜ್ಞೆ ಬಿದ್ದಿತ್ತು. ಮೆರವಣಿಗೆ ಬಂತೆಂದರೆ ಪೊಲೀಸರು ದಿನಗಟ್ಟಲೆ ಬೀಡುಬಿಡೋ ಊರು ಇದು. ಭದ್ರಾವತಿಯೂ ಕಡಿಮೆಯೇನಿಲ್ಲ. ಇಂಥ ಊರಲ್ಲಿ ಹೆಸರು, ಧರ್ಮ, ಜಾತಿ, ಮನೆ ವಿಳಾಸ, ಫೋನ್ ನಂಬರ್ ಒಂದೇ ಸಾಲಿನಲ್ಲಿರೋ ಎಕ್ಸೆಲ್ ಶೀಟ್ ಅಂದರೆ ಏನು ಅನ್ನೋದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಶೀಟ್ ಶಾಲೆಯ ಕಂಪ್ಯೂಟರಿನಲ್ಲಿ ಇರುತ್ತೆ, ಪೆನ್‌ಡ್ರೈವಿನಲ್ಲಿ ಇರುತ್ತೆ. ಪೋರ್ಟಲ್ ಓಪನ್ ಆಗದೇ ಇದ್ದಾಗ ಡೇಟಾ ಎಂಟ್ರಿಗೆ ಅಂತ ಸೈಬರ್ ಸೆಂಟರಿಗೆ ಹೋದರೆ, ಅಲ್ಲಿನ ಡೌನ್‌ಲೋಡ್ ಫೋಲ್ಡರಿನಲ್ಲೂ ಉಳಿದುಬಿಡಬಹುದು.

ಸರ್ಕಾರದ ದೊಡ್ಡ ವ್ಯವಸ್ಥೆಗಳಿಂದಲೂ ಸೋರಿಕೆ ಆಗಿದೆ. ಕೋವಿಡ್ ಕಾಲದಲ್ಲಿ ಎಲ್ಲ ಶಾಲೆಗಳೂ ಬಳಸಿ ಅಂತ ಹೇಳಿದ ದೀಕ್ಷಾ ಆ್ಯಪ್‌ನ ಮಾಹಿತಿ ಒಂದು ಕ್ಲೌಡ್ ಸರ್ವರಿನಲ್ಲಿ ಬೀಗವೇ ಇಲ್ಲದೆ ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತು ಅಂತ 2023ರ ಜನವರಿಯಲ್ಲಿ ‘ವೈರ್ಡ್’ ಪತ್ರಿಕೆ ವರದಿ ಮಾಡಿತು. 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರ್, ಇಮೇಲ್. ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರ. ಅದಕ್ಕೂ ಮೊದಲು, 2022ರ ಮೇನಲ್ಲಿ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ 160ಕ್ಕೂ ಹೆಚ್ಚು ಕಲಿಕಾ ಆ್ಯಪ್, ವೆಬ್‌ಸೈಟ್‌ಗಳನ್ನು ಪರಿಶೀಲಿಸಿ, ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳ ಹಕ್ಕಿಗೆ ಧಕ್ಕೆ ತರೋ ಹಾಗಿವೆ ಅಂದಿತ್ತು. ಆ ಪಟ್ಟಿಯಲ್ಲೂ ದೀಕ್ಷಾ ಇತ್ತು. ಮಗು ಇರೋ ಜಾಗದ ಮಾಹಿತಿಯನ್ನು ಪಡೆಯೋ ವ್ಯವಸ್ಥೆ ಅದರಲ್ಲಿದೆ ಅನ್ನೋದು ಆಕ್ಷೇಪ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಕ್ಯಾಮೆರಾ ಬೇಡವೇ ಬೇಡ ಅನ್ನೋಕಾಗುತ್ತಾ?

ಆಗಲ್ಲ. ಶಾಲೆಯಲ್ಲಿ ಮಗುವಿಗೆ ತೊಂದರೆ ಆದಾಗ ಪೋಷಕರು ಮೊದಲು ಕೇಳೋದೇ ‘ಸಿಸಿಟಿವಿ ಇಲ್ವಾ?’ ಅಂತ. ಗೇಟು, ಕಾರಿಡಾರ್, ಬಸ್ ಹತ್ತೋ ಜಾಗದಲ್ಲಿ ಕ್ಯಾಮೆರಾ ಇದ್ದು ಪೊಲೀಸರಿಗೆ ಸಾಕ್ಷಿ ಸಿಕ್ಕರೆ ಒಳ್ಳೇದೇ. ಸಿಬಿಎಸ್‌ಇ 2025ರ ಜುಲೈನಲ್ಲಿ ಇನ್ನೂ ಮುಂದೆ ಹೋಗಿ, ತನ್ನ ಶಾಲೆಗಳ ತರಗತಿ, ಲ್ಯಾಬ್, ಲೈಬ್ರರಿ, ಕಾರಿಡಾರುಗಳಲ್ಲಿ ಧ್ವನಿಯೂ ರೆಕಾರ್ಡ್ ಆಗೋ ಕ್ಯಾಮೆರಾ ಹಾಕಬೇಕು, ಕನಿಷ್ಠ 15 ದಿನ ದೃಶ್ಯ ಉಳಿಸಬೇಕು ಅಂತ ಹೇಳಿದೆ. ಶೌಚಾಲಯಕ್ಕೆ ಮಾತ್ರ ವಿನಾಯಿತಿ. ಈ ನಿಯಮ ಸಿಬಿಎಸ್‌ಇ ಶಾಲೆಗಳಿಗಷ್ಟೇ, ರಾಜ್ಯ ಪಠ್ಯಕ್ರಮದ ಶಾಲೆಗಳಿಗಲ್ಲ.

ಧ್ವನಿ ಅಂದಾಗ ಒಂದು ನಿಮಿಷ ನಿಲ್ಲಬೇಕು. ‘ಮನೇಲಿ ಅಪ್ಪ ಕುಡಿದು ಹೊಡೀತಾರೆ ಮಿಸ್’ ಅಂತ ಒಂದು ಮಗು ಟೀಚರ್ ಕಿವಿಯಲ್ಲಿ ಹೇಳೋದು ಕ್ಲಾಸ್ ರೂಮಿನಲ್ಲೇ. ಮೇಲೆ ಮೈಕ್ ಇದೆ ಅಂತ ಗೊತ್ತಾದರೆ ಹೇಳುತ್ತಾ?

ಆಮೇಲೆ, ಆ ದೃಶ್ಯ ಯಾರ ಫೋನಿನಲ್ಲಿ ಬರ್ತಾ ಇದೆ? ಎಷ್ಟೋ ಕಡೆ ಕ್ಯಾಮೆರಾ ಹಾಕಿದವರು ಕೊಟ್ಟ ಪಾಸ್‌ವರ್ಡೇ ಹಾಗೇ ಉಳಿದಿರುತ್ತೆ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂದವು. ಕನ್ನ ಹಾಕಿದ್ದು ಸಿಸಿಟಿವಿ ವ್ಯವಸ್ಥೆಗೇ. ಡಾಕ್ಟರ ಆಸ್ಪತ್ರೆಗೇ ಹೀಗಾದರೆ ಶಾಲೆಯ ಕತೆ ಏನು ಅಂತ ಯೋಚಿಸಿ.

ಇದಕ್ಕೆ ವಿರುದ್ಧವಾದ ಉದಾಹರಣೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೆಬ್‌ಕಾಸ್ಟಿಂಗ್. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದು, ಜಿಲ್ಲಾ ಕೇಂದ್ರದಲ್ಲಿ ಕುಳಿತು ನೋಡೋ ವ್ಯವಸ್ಥೆ ಆಯಿತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಆ ವರ್ಷ ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೆ ಮೂರನೇ ಸ್ಥಾನ ಪಡೆದದ್ದು ನೆನಪಿರಬಹುದು. ಆ ಕ್ಯಾಮೆರಾ ಬಗ್ಗೆ ತಕರಾರು ಕಡಿಮೆ. ಯಾಕೆಂದರೆ ಅದು ಯಾಕಿದೆ ಅಂತ ಮಕ್ಕಳಿಗೂ ಗೊತ್ತು. ಮೂರು ಗಂಟೆ ಇರುತ್ತೆ, ನಕಲು ತಡೆಯುತ್ತೆ, ಪರೀಕ್ಷೆ ಮುಗಿದರೆ ಅದರ ಕೆಲಸವೂ ಮುಗಿಯಿತು. ವರ್ಷವಿಡೀ ತಲೆ ಮೇಲಿರೋ ಕ್ಯಾಮೆರಾಕ್ಕೆ ಇಂಥ ಗಡಿ ಇಲ್ಲ.

ದೊಡ್ಡ ಕ್ಯಾಮೆರಾ ಬಿಡಿ, ವಾಟ್ಸ್ಆ್ಯಪ್ ಗ್ರೂಪ್ ನೋಡಿ

ಭದ್ರಾವತಿ ಪೇಪರ್ ಟೌನ್‌ನಿಂದ ಶಿವಮೊಗ್ಗದ ಶಾಲೆಗೆ ಬರೋ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಬಸ್ಸಿನ ಜಿಪಿಎಸ್ ಆ್ಯಪ್‌ನಲ್ಲಿ ಅವಳು ಎಲ್ಲಿ ಹತ್ತಿದಳು ಅಂತ ಗೊತ್ತಾಗುತ್ತೆ. ಗೇಟಿನಲ್ಲಿ ಸಿಸಿಟಿವಿ. ಹತ್ತು ಗಂಟೆಗೆ ಹಾಜರಿ ಮೆಸೇಜ್. ಮಧ್ಯಾಹ್ನ ಕಾರ್ಯಕ್ರಮದ್ದು ಅಂತ ಅವಳ ಡ್ಯಾನ್ಸ್ ವಿಡಿಯೊ ಶಾಲೆಯ ಇನ್‌ಸ್ಟಾಗ್ರಾಂನಲ್ಲಿ. ಸಂಜೆ ಪೋಷಕರ ಗ್ರೂಪಿನಲ್ಲಿ ಟೆಸ್ಟ್ ಮಾರ್ಕ್ಸ್ ಶೀಟಿನ ಫೋಟೊ, ಹೆಸರಿನ ಸಮೇತ. ರಾತ್ರಿ ಟ್ಯೂಷನ್ ಆ್ಯಪ್. ಇಷ್ಟರಲ್ಲಿ ಎಷ್ಟಕ್ಕೆ ಅವಳನ್ನು ಯಾರಾದರೂ ಕೇಳಿದರು?

ಫೀಸು ಬಾಕಿ ಪಟ್ಟಿಯನ್ನು ಗ್ರೂಪಿಗೆ ಹಾಕೋದು ಇನ್ನೂ ಕೆಟ್ಟದ್ದು. ಎಂಪಿಎಂ ನಿಂತು, ವಿಐಎಸ್‌ಎಲ್ ಎದ್ದೂ ಬಿದ್ದೂ ನಡೀತಿರೋ ಭದ್ರಾವತಿಯಲ್ಲಿ ಫೀಸು ಬಾಕಿ ಇರೋ ಮನೆಗೆ ಬರ ಇಲ್ಲ. ಅಪ್ಪನ ಕೈಯಲ್ಲಿ ದುಡ್ಡಿಲ್ಲ ಅನ್ನೋದನ್ನು ಮಗುವಿನ ಸಹಪಾಠಿಗಳ ಮನೆಯವರೆಲ್ಲ ಓದಬೇಕಾಗಿಲ್ಲ.

ಫಲಿತಾಂಶ ಬಂದಾಗ ಸರ್ಕಲ್‌ಗಳಲ್ಲಿ ಎದ್ದು ನಿಲ್ಲೋ ಫ್ಲೆಕ್ಸ್ ಬಗ್ಗೆಯೂ ಒಂದು ಮಾತು. ಹೆಸರು, ಫೋಟೊ, ಅಂಕ, ಶಾಲೆ, ಎಲ್ಲ ಇರುತ್ತೆ. ಖುಷಿಯ ವಿಷಯವೇ. ಆದರೂ ಮಗುವನ್ನು, ಮನೆಯವರನ್ನು ಒಂದು ಮಾತು ಕೇಳಿ ಹಾಕಿದರೆ ಖುಷಿಗೆ ಕುಂದೇನಿಲ್ಲ.

ಇಂಥ ಚೂರುಪಾರು ಮಾಹಿತಿಯೇ ವಂಚಕರಿಗೆ ಬಂಡವಾಳ. ಮಗುವಿನ ಹೆಸರು, ಕ್ಲಾಸು, ಅಪ್ಪನ ನಂಬರ್ ಇದ್ದರೆ ‘ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ’ ಅಂತ ಫೋನ್ ಮಾಡಿದಾಗ ನಂಬದೇ ಇರೋದು ಕಷ್ಟ. ‘ನಿಮ್ಮ ಮಗ ಪೊಲೀಸ್ ಕಸ್ಟಡಿಯಲ್ಲಿದ್ದಾನೆ’ ಅನ್ನೋ ಕರೆಗಳೂ ಇದೇ ಜಾತಿ.

ಕಾನೂನು ಏನು ಹೇಳುತ್ತೆ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ 9ನೇ ಸೆಕ್ಷನ್ ಮಕ್ಕಳ ಬಗ್ಗೆ. 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸೋಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಬೆನ್ನು ಹತ್ತಿ ನಿಗಾ ಇಡೋ ಹಾಗಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸೋ ಹಾಗಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ.

ಓದೋಕೆ ಚೆನ್ನಾಗಿದೆ. ಆದರೆ 2025ರ ನವೆಂಬರ್‌ನಲ್ಲಿ ಬಂದ ನಿಯಮಗಳಲ್ಲಿ ಶಾಲೆಗಳಿಗೆ ವಿನಾಯಿತಿ ಇದೆ. ಶೈಕ್ಷಣಿಕ ಚಟುವಟಿಕೆಗೆ ಅಥವಾ ಮಕ್ಕಳ ಸುರಕ್ಷತೆಗೆ ಅಂತಾದರೆ ಶಾಲೆ ನಿಗಾ ಇಡಬಹುದು, ಶಾಲಾ ವಾಹನದವರು ಮಕ್ಕಳ ಲೊಕೇಶನ್ ನೋಡಬಹುದು. ಸುರಕ್ಷತೆ ಅನ್ನೋ ಪದದ ಕೆಳಗೆ ಏನು ಬೇಕಾದರೂ ತೂರಿಸಬಹುದು ಅನ್ನೋದೇ ಆತಂಕ. ಅದೂ ಅಲ್ಲದೆ ಕಾಯ್ದೆಯ ಮುಖ್ಯ ಭಾಗಗಳು ಜಾರಿಯಾಗೋಕೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ.

ಒಂದು ವಿಷಯಕ್ಕೆ ಮಾತ್ರ ಶಾಲೆಗೂ ವಿನಾಯಿತಿ ಇಲ್ಲ. ಮಗುವಿನ ಯೋಗಕ್ಷೇಮಕ್ಕೆ ಹಾನಿ ಆಗೋ ಹಾಗೆ ಮಾಹಿತಿ ಬಳಸುವಂತಿಲ್ಲ. ಫೀಸು ಬಾಕಿ ಪಟ್ಟಿ ಗ್ರೂಪಿಗೆ ಹಾಕೋದು ಇದರೊಳಗೆ ಬರುತ್ತೆ ಅಂತ ವಾದ ಮಾಡೋಕೆ ಜಾಗ ಇದೆ.

ದೌರ್ಜನ್ಯಕ್ಕೆ ಒಳಗಾದ ಮಗುವಿನ ವಿಷಯದಲ್ಲಿ ಕಾನೂನು ಈಗಲೇ ಕಠಿಣವಾಗಿದೆ. ಪೋಕ್ಸೊ ಕಾಯ್ದೆ, ಬಾಲನ್ಯಾಯ ಕಾಯ್ದೆ ಎರಡರಲ್ಲೂ ಮಗುವಿನ ಹೆಸರು, ಫೋಟೊ, ಶಾಲೆ, ವಿಳಾಸ ಬಯಲು ಮಾಡೋದು ಅಪರಾಧ. ಈ ನಿಯಮ ಸುದ್ದಿ ಬರೆಯೋರಿಗೂ ಅನ್ವಯ, ಗ್ರೂಪಿನಲ್ಲಿ ಫಾರ್ವರ್ಡ್ ಮಾಡೋ ಅಕ್ಕಪಕ್ಕದವರಿಗೂ ತಾಕುತ್ತೆ.

ಪೋಷಕರು ಏನು ಮಾಡಬಹುದು?

ಜಗಳ ಬೇಕಾಗಿಲ್ಲ, ಪ್ರಶ್ನೆ ಸಾಕು. ಪೋಷಕರ ಸಭೆಯಲ್ಲಿ ಅಥವಾ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ: ಈ ಆ್ಯಪ್ ಯಾರದ್ದು, ಮಾಹಿತಿ ಎಲ್ಲಿ ಇರುತ್ತೆ, ಮಗು ಶಾಲೆ ಬಿಟ್ಟ ಮೇಲೆ ಅಳಿಸ್ತೀರಾ, ಕ್ಯಾಮೆರಾ ದೃಶ್ಯ ಯಾರು ಯಾರು ನೋಡಬಹುದು. ಒಬ್ಬರೇ ಕೇಳಿದರೆ ‘ಇವರೊಬ್ಬರದ್ದೇ ತಕರಾರು’ ಅಂತಾಗುತ್ತೆ. ನಾಲ್ಕು ಜನ ಸೇರಿ ಬರವಣಿಗೆಯಲ್ಲಿ ಕೊಟ್ಟರೆ ಉತ್ತರ ಕೊಡಲೇಬೇಕಾಗುತ್ತೆ. ಮಾರ್ಕ್ಸ್, ಫೀಸು ವಿಷಯ ಗ್ರೂಪಿಗೆ ಬೇಡ, ನಮ್ಮ ನಂಬರಿಗೇ ಕಳಿಸಿ ಅಂತ ಹೇಳೋದಕ್ಕೆ ಕಾನೂನೂ ಬೇಕಾಗಿಲ್ಲ.

ಎಷ್ಟೋ ಶಿಕ್ಷಕರಿಗೂ ಇದೆಲ್ಲ ತಲೆನೋವೇ. ಪಾಠ ಮಾಡೋದು ಬಿಟ್ಟು ಪೋರ್ಟಲ್ ತುಂಬೋದೇ ಆಗಿದೆ ಅಂತ ಅವರೂ ಗೊಣಗ್ತಾರೆ. ಅವರನ್ನು ಎದುರಾಳಿ ಅಂದುಕೊಳ್ಳಬೇಕಾಗಿಲ್ಲ.

ಶಾಲೆಯಲ್ಲಿ ಸರಿಹೋಗದಿದ್ದರೆ ಬಿಇಒ ಕಚೇರಿ, ಆಮೇಲೆ ಶಿವಮೊಗ್ಗದ ಡಿಡಿಪಿಐ ಕಚೇರಿ, ಅದಕ್ಕೂ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಸರ್ಕಾರಿ ಶಾಲೆಯ ಆ್ಯಪ್, ಕ್ಯಾಮೆರಾ ಗುತ್ತಿಗೆಯ ವಿವರವನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಮಗುವಿನ ಫೋಟೊ, ವಿಡಿಯೊ ದುರ್ಬಳಕೆ ಆಗಿದ್ದರೆ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098.

ಅಪಾರ್‌ಗೆ ಈಗಾಗಲೇ ಸಹಿ ಹಾಕಿದ್ದರೆ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು ಅಂತ ಆ ಪತ್ರದಲ್ಲೇ ಇದೆ. ಶಾಲೆಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಆಧಾರ್ ವಿಷಯದಲ್ಲಿ ಮಕ್ಕಳಿಗೇ ಒಂದು ಅವಕಾಶ ಇದೆ. ಚಿಕ್ಕವರಿದ್ದಾಗ ಅಪ್ಪ ಅಮ್ಮ ಮಾಡಿಸಿದ ಆಧಾರ್ ಬೇಡ ಅನಿಸಿದರೆ, 18 ತುಂಬಿದ ಆರು ತಿಂಗಳೊಳಗೆ ಅದನ್ನು ರದ್ದು ಮಾಡಿ ಅಂತ ಅವರೇ ಅರ್ಜಿ ಹಾಕಬಹುದು. 2019ರ ತಿದ್ದುಪಡಿಯಲ್ಲಿ ಸೇರಿದ ಹಕ್ಕು ಇದು. ಈ ವರ್ಷ ಪಿಯುಸಿ ಮುಗಿಸಿ 18 ತುಂಬಿಸಿಕೊಳ್ಳೋ ಮಕ್ಕಳು ಮನೆಯಲ್ಲಿದ್ದರೆ ಇದನ್ನೊಮ್ಮೆ ಅವರಿಗೆ ಓದಿ ಹೇಳಿ.